ಎರಡು ಸಲ ಬಂದ ತರಬೇತುದಾರ

ಭಾರತದ ಫುಟ್‌ಬಾಲ್ ತಂಡಕ್ಕೆ ಬಂದುಹೋದ ವಿದೇಶೀಯ ಗುರುಗಳಲ್ಲಿ, ಸ್ಟೀಫನ್ ಕಾನ್‌ಸ್ಟಂಟೈನರಷ್ಟು ಶ್ಲಾಘನೆಯನ್ನೂ ಅಸಮಾಧಾನವನ್ನೂ ಏಕಕಾಲಕ್ಕೆ ಗಳಿಸಿದವರು ವಿರಳ. 2002ರಲ್ಲಿ ಮೊದಲ ಸಲ ಬಂದ ಈ ಆಂಗ್ಲರು ಅದೇ ವರ್ಷ ವಿಯೆಟ್ನಾಮಿನಲ್ಲಿ ಎಲ್‌ಜಿ ಕಪ್ಪನ್ನು ಗೆಲ್ಲಿಸಿಕೊಟ್ಟರು. ಮರುವರ್ಷ ಹೈದರಾಬಾದಿನ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕವೂ ದೊರೆಯಿತು. ಆದರೆ 2004ರ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಕೊಚ್ಚಿಯಲ್ಲಿ ಒಮಾನ್ ಐದು ಗೋಲುಗಳನ್ನೂ, ಸೈತಾಮದಲ್ಲಿ ಜಪಾನ್ ಏಳು ಗೋಲುಗಳನ್ನೂ ಹೊಡೆದ ಮೇಲೆ ಹಿಂದಿನ ಹರ್ಷವೆಲ್ಲ ಕರಗಿ, 2005ರಲ್ಲಿ ಅವರ ಅಧಿಕಾರಾವಧಿ ಮುಗಿಯಿತು.

ದಶಕದ ಬಳಿಕ, 2015ರ ಜನವರಿಯಲ್ಲಿ, ಅವರು ಪುನಃ ನಿಯುಕ್ತರಾದರು. ಆ ಮಾರ್ಚಿನಲ್ಲಿ ಭಾರತದ ವಿಶ್ವಶ್ರೇಯಾಂಕ 173ಕ್ಕೆ ಕುಸಿಯಿತು; ಜೂನ್ ತಿಂಗಳಲ್ಲಿ, ಒಂದೂವರೆ ಲಕ್ಷಕ್ಕೆ ತುಸು ಮೀರಿದ ಜನವಸತಿಯ ಗುವಾಮ್ ದ್ವೀಪದ ಎದುರು ತಂಡ 1-2ರಿಂದ ಸೋತಿತು. ಅಲ್ಲಿಂದ ಮೇಲೆದ್ದು ಬಂದ ಹಾದಿಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಸಾಕ್ಷಿಯಾಯಿತೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯತಕ್ಕ ಸಂಗತಿ. ಗುವಾಮಿಗೆ ಪ್ರತಿಯುತ್ತರ ದೊರೆತುದು ಅಲ್ಲಿ. 2017ರ ಜೂನ್‌ನಲ್ಲಿ ಸುನಿಲ್ ಛೆಟ್ರಿಯವರ ಏಕೈಕ ಗೋಲಿನಿಂದ ಕಿರ್ಗಿಸ್ತಾನ ಮಣಿದುದು ಅಲ್ಲಿ. ಅಕ್ಟೋಬರಿನಲ್ಲಿ ಮಕಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಪ್ರವೇಶ ಪಡೆದುದೂ ಅಲ್ಲಿಯೇ. ಆ ಜುಲೈ ವೇಳೆಗೆ ಶ್ರೇಯಾಂಕ 96ಕ್ಕೆ ಏರಿತ್ತು.

ಇಷ್ಟಾದರೂ ತಂಡದೊಳಗೆ ಸೌಹಾರ್ದವಿರಲಿಲ್ಲ. ಹೊಸ ತರುಣರಿಗೆ ಮೇಲಿಂದ ಮೇಲೆ ಅವಕಾಶ ಕೊಟ್ಟು, ದೈಹಿಕ ಕ್ಷಮತೆಯನ್ನೂ ಶಿಸ್ತನ್ನೂ ಕಲಾತ್ಮಕತೆಗಿಂತ ಮೇಲಿಟ್ಟ ಅವರ ರೀತಿ ಹಿರಿಯರಿಗೆ ರುಚಿಸಲಿಲ್ಲವೆಂದೂ, ತರಬೇತುದಾರರ ಬದಲಾವಣೆಯನ್ನೇ ಆ ಹಿರಿಯರು ಬಯಸಿದರೆಂದೂ ಪತ್ರಿಕೆಗಳು ವರದಿಮಾಡಿದವು. 2018ರಲ್ಲಿ ಚೀನಾದ ವಿರುದ್ಧ ಎಂದಿನ ನಾಯಕ ಛೆಟ್ರಿಯವರಿದ್ದೂ ನಾಯಕತ್ವವನ್ನು ಸಂದೇಶ್ ಝಿಂಗನ್‌ರಿಗೆ ಒಪ್ಪಿಸಿದುದು ಆ ಬಿರುಕನ್ನು ಬಯಲಿಗೆ ತಂದಿತು. ತರುಣರನ್ನು ಬೆಳೆಸಿದ ಅವರ ದೃಢತೆಯನ್ನು ನಾನು ಮನಃಪೂರ್ವಕ ಮೆಚ್ಚುತ್ತೇನೆ. ಆದರೆ ಅನುಭವಿಗಳ ವಿಶ್ವಾಸವನ್ನು ಕಳೆದುಕೊಂಡು ಯಾವ ಗುರುವೂ ಬಹುದೂರ ನಡೆಯಲಾರ.

2019ರ ಜನವರಿಯಲ್ಲಿ ಅಬುಧಾಬಿಯಲ್ಲಿ ಥಾಯ್ಲೆಂಡನ್ನು 4-1ರಿಂದ ಸೋಲಿಸಿದುದು, 1964ರ ತರುವಾಯ ಏಷ್ಯಾ ಕಪ್ಪಿನಲ್ಲಿ ಭಾರತಕ್ಕೆ ದೊರೆತ ಪ್ರಥಮ ವಿಜಯ. ಎಮಿರೇಟ್ಸ್‌ಗೆ ಸೋತ ಮೇಲೂ ಶಾರ್ಜಾದಲ್ಲಿ ಬಹರೈನ್ ಎದುರು ಸಮಬಲ ಸಾಧಿಸಿದ್ದರೆ ಮುಂದಿನ ಸುತ್ತು ಖಚಿತವಾಗುತ್ತಿತ್ತು. ನಿಗದಿತ ತೊಂಬತ್ತು ನಿಮಿಷ ಕಳೆದ ಬಳಿಕ ಎದುರಾಳಿಗೆ ಒದಗಿದ ಪೆನಾಲ್ಟಿಯೊಂದು ಆ ಆಸೆಯನ್ನು ಮುರಿಯಿತು. ಪಂದ್ಯ ಮುಗಿದೊಡನೆಯೇ ಕಾನ್‌ಸ್ಟಂಟೈನ್ ರಾಜೀನಾಮೆಯನ್ನು ಘೋಷಿಸಿದರು. ಆ ದುಡುಕಿಗಿಂತಲೂ ನನ್ನನ್ನು ನೋಯಿಸುವುದು, ಗುರು ಹೋದೊಡನೆ ಅವರ ಪದ್ಧತಿಯೂ ಹೊರಟುಹೋಗುವ ನಮ್ಮ ವ್ಯವಸ್ಥೆ: ಮೇ ತಿಂಗಳಲ್ಲಿ ಕ್ರೊವೇಷಿಯಾದ ಇಗೋರ್ ಸ್ಟಿಮಾಚ್ ಬಂದು ಸಣ್ಣ ಪಾಸುಗಳ ಬೇರೊಂದು ಆಟವನ್ನು ಕಲಿಸತೊಡಗಿದರು, ತಂಡ ಮತ್ತೆ ಮೊದಲ ಪಾಠಕ್ಕೆ ಕುಳಿತಿತು.