ಬೆಳಗಾವಿಗೆ ಬಂದ ಅಪರಿಚಿತ ಗುರು

೧೮೯೨ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಬಂಗಾಲದ ಸಂನ್ಯಾಸಿಯೊಬ್ಬರು ಕೊಲ್ಲಾಪುರದಿಂದ ಪರಿಚಯಪತ್ರವನ್ನು ಹಿಡಿದು ಬೆಳಗಾವಿಯ ವಕೀಲರಾದ ಭಾಟೆಯವರ ಮನೆಗೆ ಬಂದಿಳಿದರು. ಮುಂದೆ ವಿವೇಕಾನಂದರೆಂದು ಲೋಕವಿಖ್ಯಾತರಾದ ಇವರನ್ನು ಅಂದು ಊರಿನಲ್ಲಿ ಯಾರೂ ಅರಿಯರು.

ಮನೆಯವರಿಗೆ ಮೊದಲ ದಿನವೇ ಗಲಿಬಿಲಿಯಾಯಿತು. ಕಾವಿಯುಟ್ಟವರ ಮೈಮೇಲೆ ಬನಿಯನ್ನು. ಕೈಯಲ್ಲಿ ದಂಡಕ್ಕೆ ಬದಲು ಉದ್ದನೆಯ ಊರುಗೋಲು. ಊಟವಾದೊಡನೆ ಎಲೆಯಡಿಕೆ ಬೇಡಿದರು, ತಂಬಾಕನ್ನೂ ಕೇಳಿದರು! ಮುಸಲ್ಮಾನರೊಡನೆ ಉಂಡುದುಂಟೆಂದು ಮುಚ್ಚುಮರೆಯಿಲ್ಲದೆ ಹೇಳಿದಾಗ ಆ ಆಚಾರವಂತರ ಪಾಡೇನಾಗಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಆದರೂ ಭಾಟೆಯವರು ಅತಿಥಿಯನ್ನು ಕಳುಹಿಸಿಬಿಡಲಿಲ್ಲ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಭಾಟೆಯವರ ಮಗನು ಅಷ್ಟಾಧ್ಯಾಯಿಯನ್ನು ಒಪ್ಪಿಸುವಾಗ ತಪ್ಪಿದಲ್ಲಿ ಅತಿಥಿಗಳು ನಗುತ್ತ ತಿದ್ದಿದರು. ಇವರ ವಿದ್ವತ್ತಿನ ಸುದ್ದಿ ಹಬ್ಬಿ, ಊರಿನ ಸುಶಿಕ್ಷಿತರು ಗುಂಪುಗೂಡಿ ವಾದಕ್ಕೆ ಬಂದರು. ಕೆಲವರು ಸಿಟ್ಟಾದರು, ಸ್ವಾಮಿಗಳು ಮಾತ್ರ ಶಾಂತರಾಗಿದ್ದರು.

ಅರಣ್ಯಾಧಿಕಾರಿ ಹರಿಪದ ಮಿತ್ರರು ಅವರನ್ನು ತಮ್ಮ ಮನೆಗೆ ಕರೆದೊಯ್ದು ದಂಪತಿಸಹಿತ ಶಿಷ್ಯರಾದರು. ಚಿಕಾಗೋ ಧರ್ಮಸಮ್ಮೇಲನಕ್ಕೆ ಹೋಗುವ ಇಚ್ಛೆಯನ್ನು ಕೇಳಿ, ವಂತಿಗೆ ಕೂಡಿಸುವೆನೆಂದರೆ ಸ್ವಾಮಿಗಳು ಒಪ್ಪಲಿಲ್ಲ.

ಅಕ್ಟೋಬರ ೨೭ರಂದು ಸ್ವಾಮಿಗಳು ಮರ್ಮಗೋವೆಯ ಗಾಡಿ ಹತ್ತಿದರು. ಚಿಕಾಗೋದ ಕೀರ್ತಿಗೆ ಇನ್ನೂ ಹನ್ನೊಂದು ತಿಂಗಳು ಬಾಕಿಯಿದ್ದವು. ಬೆಳಗಾವಿಯಲ್ಲಿ ಜನ ಮುತ್ತಿದ್ದ ಆ ಮುಖವನ್ನು, ಕೆಲವೇ ಹರದಾರಿ ದೂರದ ಖಾನಾಪುರದ ನಿಲ್ದಾಣದಲ್ಲಿ ಗುರುತಿಸುವವರು ಇದ್ದಿರಲಾರರು.