ಅಂಚು ನಮ್ಮದು, ನಡು ಯಾರದು?

ಮೈಸೂರಿನಲ್ಲಿ ಗುಮ್ಮಟಗಳಿಗೆ ಬರವಿಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ, 1912ರಲ್ಲಿ ಮುಗಿದ ಅಂಬಾವಿಲಾಸದ ಗುಲಾಬಿ ಗುಮ್ಮಟಗಳು ತುದಿಯಲ್ಲಿ ಚೂಪಾಗಿ ಆಕಾಶಕ್ಕೆ ಮುಖ ಮಾಡುತ್ತವೆ. ಚಾಮುಂಡಿ ಬೆಟ್ಟದ ಹತ್ತಿರ, 1921ರಲ್ಲಿ ಕೆಲಸ ಶುರುವಾದ ಲಲಿತಮಹಲಿನ ನಡುಗುಮ್ಮಟ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನ ಧಾಟಿಯಲ್ಲಿ ಮೈದುಂಬಿ ಕುಳಿತಿದೆ. ಎರಡನ್ನೂ ಒಂದೇ ಗುಮ್ಮಟವೆಂದು ಯಾರೂ ಹೇಳಲಾರರು. ಆದರೆ ಗುಮ್ಮಟವನ್ನೆಲ್ಲ ಅಳಿಸಿ ಅದು ಕೂತ ಬುಡದ ಅಂಚನ್ನಷ್ಟೇ ಕಾಗದದ ಮೇಲೆ ಉಳಿಸಿಕೊಂಡರೆ ಇಲ್ಲೂ ಅಲ್ಲೂ ಉಳಿಯುವುದು ಒಂದು ದುಂಡು ಗೆರೆ. ಆ ಗೆರೆಯನ್ನು ಒಬ್ಬ ಮೇಸ್ತ್ರಿಯ ಕೈಗಿತ್ತು ‘ಇದನ್ನು ಮುಚ್ಚು’ ಎಂದರೆ ಅವನು ‘ಯಾವ ಥರ, ಎಷ್ಟು ಎತ್ತರ?’ ಎಂದು ಕೇಳಿಯೇ ಕೇಳುತ್ತಾನೆ. ಅದೇ ಗೆರೆಯನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಕ್ಯಾಡ್ ತಂತ್ರಾಂಶದಲ್ಲಿ ಆರಿಸಿ ‘ತುಂಬು’ ಎಂಬ ಗುಂಡಿ ಒತ್ತಿದರೆ ಅದು ಏನನ್ನೂ ಕೇಳದೆ ರೊಟ್ಟಿಯಂಥ ಚಪ್ಪಟೆ ತಟ್ಟೆಯೊಂದನ್ನು ಹರಡಿಬಿಡುತ್ತದೆ. ಕೇಳದೇ ಇರುವ ಈ ಗುಣದ ಬಗ್ಗೆ ಇಲ್ಲಿ ಸ್ವಲ್ಪ ತಕರಾರು ತೆಗೆಯಬೇಕಾಗಿದೆ. ಅಂಚಿನ ಗೆರೆಗಳಿಂದ ಯಂತ್ರ ಹುಟ್ಟಿಸುವ ಬಾಗುಮೈಯನ್ನು ನಾವು ಲೆಕ್ಕದ ಉತ್ತರವೆಂದು ನಂಬುತ್ತೇವೆ. ನಿಜದಲ್ಲಿ ಅದು ಹಲವು ಉತ್ತರಗಳ ನಡುವೆ ಯಾರೋ, ಎಂದೋ ಮಾಡಿಟ್ಟ ಒಂದು ಆಯ್ಕೆ.

ಆ ‘ಯಾರೋ’ಗಳಲ್ಲಿ ಮುಖ್ಯನಾದವನು ಅಮೆರಿಕದ ಎಂಐಟಿಯಲ್ಲಿದ್ದ ಸ್ಟೀವನ್ ಕೂನ್ಸ್. ಆತನ ವಿಧಾನವನ್ನು ವಿವರವಾಗಿ ಮುಂದಿಟ್ಟ ವರದಿ 1967ರದು. ಇಂದಿಗೂ ವಿನ್ಯಾಸಕಾರರು ‘ಕೂನ್ಸ್ ಪ್ಯಾಚ್’ ಎನ್ನುವುದು ಅದನ್ನೇ. ವಿಧಾನ ತಿಳಿಯಲು ಗಣಿತದ ಪದವಿ ಬೇಡ, ನವಾರು ಮಂಚ ನೋಡಿದ್ದರೆ ಸಾಕು. ನಾಲ್ಕು ಪಟ್ಟಿಗಳ ಚೌಕಟ್ಟು ಇದೆ, ಆದರೆ ಪಟ್ಟಿಗಳು ನೇರವಾಗಿಲ್ಲ, ಒಂದೊಂದೂ ಒಂದೊಂದು ರೀತಿ ಬಾಗಿದೆ ಎಂದುಕೊಳ್ಳಿ. ಮೊದಲು ತಲೆಯ ಕಡೆಯ ಪಟ್ಟಿಯಿಂದ ಕಾಲಿನ ಕಡೆಯ ಪಟ್ಟಿಗೆ ನವಾರನ್ನು ಬಿಗಿಯಾಗಿ ಎಳೆಯಿರಿ. ಒಂದು ಮೇಲ್ಮೈ ಸಿಕ್ಕಿತು. ಅದಕ್ಕೆ ಈ ಎರಡು ಪಟ್ಟಿಗಳ ಬಾಗು ಗೊತ್ತು, ಪಕ್ಕದ ಎರಡರ ಬಾಗು ಗೊತ್ತಿಲ್ಲ. ಇನ್ನೊಂದು ಸಲ, ಬೇರೆಯಾಗಿ, ಎಡದಿಂದ ಬಲಕ್ಕೆ ಎಳೆಯಿರಿ. ಈಗ ಪಕ್ಕದ ಪಟ್ಟಿಗಳ ಬಾಗು ಬಂತು, ತಲೆ ಕಾಲಿನದು ತಪ್ಪಿತು. ಹಾಸು ಒಂದು, ಹೊಕ್ಕು ಒಂದು. ಕೂನ್ಸ್ ಈ ಎರಡರ ಎತ್ತರಗಳನ್ನು ಪ್ರತಿ ಬಿಂದುವಿನಲ್ಲೂ ಕೂಡಿಸಿದ. ಹಾಗೆ ಕೂಡಿಸಿದಾಗ ನಾಲ್ಕು ಮೂಲೆಗಳು ಎರಡೆರಡು ಬಾರಿ ಲೆಕ್ಕಕ್ಕೆ ಬರುತ್ತವಲ್ಲ, ಆದ್ದರಿಂದ ಮೂಲೆಗಳನ್ನಷ್ಟೇ ನೇರ ಗೆರೆಗಳಿಂದ ಜೋಡಿಸಿದ ಮೂರನೆಯ ಮೇಲ್ಮೈಯೊಂದನ್ನು ಒಮ್ಮೆ ಕಳೆದ. ಉಳಿದದ್ದು ನಾಲ್ಕು ಅಂಚುಗಳಿಗೂ ಕೂದಲೆಳೆಯಷ್ಟೂ ತಪ್ಪದೆ ಅಂಟಿಕೊಳ್ಳುತ್ತದೆ. ಎರಡು ಕೂಡಿಸಿ ಒಂದು ಕಳೆಯುವುದರಲ್ಲಿ ಇಷ್ಟು ಕೆಲಸ ಮುಗಿಯುತ್ತದೆಂಬುದು ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ. ಕಂಪ್ಯೂಟರ್ ಚಿತ್ರವಿಜ್ಞಾನದ ದೊಡ್ಡ ಪ್ರಶಸ್ತಿಯೊಂದಕ್ಕೆ ಅವನ ಹೆಸರಿಟ್ಟಿರುವುದು ಸುಮ್ಮನಲ್ಲ.

ಬೆರಗು ಬೇರೆ, ಭರವಸೆ ಬೇರೆ. ಒಂದು ಸಣ್ಣ ಲೆಕ್ಕ ಹಾಕೋಣ. ಗೋಡೆಯೊಂದೊಂದೂ 20 ಅಡಿ ಇರುವ ಚೌಕದ ಕೋಣೆ. ನಾಲ್ಕೂ ಗೋಡೆಗಳ ಮೇಲೆ ಮೂಲೆಯಿಂದ ಮೂಲೆಗೆ ಅರೆವೃತ್ತದ ಕಮಾನು. ಮೂಲೆಗಳ ಮಟ್ಟದಿಂದ ಕಮಾನಿನ ನೆತ್ತಿ 10 ಅಡಿ ಎತ್ತರ. ಈ ನಾಲ್ಕು ಕಮಾನುಗಳ ಮೇಲೆ ಚಾವಣಿ ಬೇಕು. ಗುಮ್ಮಟ ಕಟ್ಟುವವರ ಹಳೆಯ ಉಪಾಯ ನಾಲ್ಕು ಮೂಲೆಗಳನ್ನೂ ಮುಟ್ಟುವ ಒಂದು ಅರೆಗೋಳವನ್ನು ಊಹಿಸಿಕೊಂಡು, ಗೋಡೆಯಿಂದಾಚೆ ಚಾಚಿದ್ದನ್ನು ಕತ್ತರಿಸಿ ಬಿಡುವುದು. ಕತ್ತರಿಸಿದ ಅಂಚುಗಳು ಸರಿಯಾಗಿ ಇದೇ ನಾಲ್ಕು ಕಮಾನುಗಳು, ಚಾವಣಿಯ ನಡುಮಧ್ಯದ ಎತ್ತರ 14 ಅಡಿಗೆ ತುಸು ಹೆಚ್ಚು. ಈಗ ಕೂನ್ಸ್ ಲೆಕ್ಕ: ಉದ್ದಕ್ಕೆ ಎಳೆದ ನವಾರು ನಡುವಿನಲ್ಲಿ 10 ಅಡಿ, ಅಡ್ಡಕ್ಕೆ ಎಳೆದದ್ದೂ 10, ಮೂಲೆಗಳ ಮೇಲ್ಮೈ ಸೊನ್ನೆ. ಕೂಡಿ ಕಳೆದರೆ 20 ಅಡಿ. ಮೂರನೆಯ ಉತ್ತರ ಸೋಪಿನ ನೀರಿನದು. ಈ ಕಮಾನುಗಳ ಆಕಾರಕ್ಕೆ ತಂತಿ ಬಾಗಿಸಿ ಸೋಪಿನ ನೀರಿಗೆ ಅದ್ದಿ ತೆಗೆದರೆ, ತಂತಿಯ ನಡುವೆ ನಿಲ್ಲುವ ಪೊರೆ ತನ್ನ ವಿಸ್ತಾರವನ್ನು ಆದಷ್ಟೂ ಕುಗ್ಗಿಸಿಕೊಳ್ಳುತ್ತದೆ. ಅಂಥ ಪೊರೆ ತಂತಿಯ ಅತಿ ಎತ್ತರದ ಬಿಂದುವನ್ನು ಎಂದೂ ಮೀರದು. ಅಂದರೆ ನಡುಮಧ್ಯ 10 ಅಡಿಗಿಂತ ಕೆಳಗೆ. ಅಂಚು ಒಂದೇ, ಚಾವಣಿಯ ನೆತ್ತಿ ಮಾತ್ರ ಒಮ್ಮೆ 20, ಒಮ್ಮೆ 14, ಒಮ್ಮೆ 10ಕ್ಕೂ ಕಡಿಮೆ. ಮೂರರಲ್ಲಿ ಯಾವುದೂ ತಪ್ಪಲ್ಲ. ಪೊರೆಗೆ ಮಿತವ್ಯಯ ಮುಖ್ಯ, ಗೋಳಕ್ಕೆ ಎಲ್ಲ ದಿಕ್ಕಿಗೂ ಒಂದೇ ಬಾಗು ಮುಖ್ಯ, ಕೂನ್ಸ್ ಸೂತ್ರಕ್ಕೆ ಲೆಕ್ಕದ ಸರಳತೆ ಮುಖ್ಯ. ಪ್ರಕೃತಿಯನ್ನೇ ಪ್ರಮಾಣವಾಗಿ ಹಿಡಿಯೋಣವೆಂದರೆ ಅದೂ ಪೂರ್ತಿ ನೆಚ್ಚಿಕೆಗೆ ಸಿಗದು. ಬೆಲ್ಜಿಯಂನ ಪ್ಲಾಟೋ 19ನೇ ಶತಮಾನದಲ್ಲಿ ಹೆಸರು ತಂದುಕೊಟ್ಟ, ಕೊಟ್ಟ ಅಂಚಿಗೆ ಅತಿ ಕಡಿಮೆ ವಿಸ್ತಾರದ ಪೊರೆ ಹುಡುಕುವ ಈ ಸಮಸ್ಯೆಗೆ ಪರಿಹಾರವಿದ್ದೇ ಇದೆಯೆಂದು ತೋರಿಸಿದ್ದಕ್ಕಾಗಿ ಜೆಸ್ಸಿ ಡಗ್ಲಾಸ್‌ಗೆ 1936ರಲ್ಲಿ ಮೊಟ್ಟಮೊದಲ ಫೀಲ್ಡ್ಸ್ ಪದಕಗಳಲ್ಲೊಂದು ಸಿಕ್ಕಿತು. ಆದರೆ ಒಂದೇ ತಂತಿಗೆ ಒಂದಕ್ಕಿಂತ ಹೆಚ್ಚು ಪೊರೆಗಳು ಒಗ್ಗುವುದೂ ಉಂಟು.

ಇಲ್ಲಿ ಒಂದು ಆಕ್ಷೇಪ ಬರಬೇಕು, ಬರುವುದು ನ್ಯಾಯವೂ ಹೌದು. ಅರೆವೃತ್ತದ ಕಮಾನು ಬೇಕೆಂದೇ ಆರಿಸಿದ ಉದಾಹರಣೆ. ವಿಮಾನದ ರೆಕ್ಕೆಗೋ ಕಾರಿನ ಬಾಗಿಲಿಗೋ ಇಷ್ಟು ಉಬ್ಬು ಎಲ್ಲಿದೆ? ಸರಿ, ಕಮಾನುಗಳನ್ನು ತಗ್ಗಿಸೋಣ. ಅದೇ 20 ಅಡಿ ಕೋಣೆಯಲ್ಲಿ ಕಮಾನಿನ ಏರು ಒಂದೇ ಅಡಿ ಇದ್ದರೆ ಕೂನ್ಸ್ ಚಾವಣಿ 2 ಅಡಿ ಏರುತ್ತದೆ, ಗೋಳದ ಚಾವಣಿ 1.98 ಅಡಿ. ವ್ಯತ್ಯಾಸ ಕಾಲು ಅಂಗುಲದಷ್ಟು. ಉಬ್ಬು ತಗ್ಗಿದಷ್ಟೂ ಸೂತ್ರ ಗೋಳಕ್ಕೆ ಹತ್ತಿರವಾಗುತ್ತದೆ. ದೊಡ್ಡ ಮೈಯನ್ನು ಚಿಕ್ಕ ಚಿಕ್ಕ ಪ್ಯಾಚುಗಳಾಗಿ ಒಡೆದುಕೊಂಡರೆ ಈ ವಿಧಾನ ಉದ್ಯಮದಲ್ಲಿ ಚೆನ್ನಾಗಿ ನಡೆಯುವುದು ಇದರಿಂದಲೇ. ಅಷ್ಟನ್ನು ಒಪ್ಪಬೇಕು. ಆದರೆ ಒಪ್ಪಿದ್ದರ ಒಳಗೇ ಇನ್ನೊಂದು ಪ್ರಶ್ನೆ ಅಡಗಿದೆ: ಮೈಯನ್ನು ಎಲ್ಲಿ ಒಡೆಯಬೇಕು? ಒಡೆದ ಕಡೆಯೆಲ್ಲ ಹೊಸ ಅಂಚು ಎಳೆಯಬೇಕು, ಆ ಅಂಚುಗಳನ್ನು ಯಂತ್ರ ಎಳೆದುಕೊಡುವುದಿಲ್ಲ. ಮೇಲಾಗಿ, ಸರಳ ಕೂನ್ಸ್ ಪ್ಯಾಚುಗಳೆರಡನ್ನು ಅಕ್ಕಪಕ್ಕ ಇಟ್ಟರೆ ನಡುವೆ ಬಿರುಕು ಬಾರದು, ಮಡಿಕೆ ಬರಬಹುದು. ಇಸ್ತ್ರಿ ಮಾಡಿದ ಅಂಗಿಯ ತೋಳಿನ ಗೆರೆಯ ಹಾಗೆ. ಇದು ಕೂನ್ಸ್‌ಗೂ ಗೊತ್ತಿತ್ತು. ಅಂಚಿನ ಜೊತೆಗೆ ಅಂಚಿನಲ್ಲಿ ಮೈ ಯಾವ ಇಳಿಜಾರಿನಲ್ಲಿ ಹೊರಡಬೇಕೆಂಬುದನ್ನೂ ಕೇಳುವ ಇನ್ನೊಂದು ಸೂತ್ರವನ್ನು ಆತನೇ ಕೊಟ್ಟ. ಅಂದರೆ ಆಯ್ಕೆಯ ಭಾರವನ್ನು ಮತ್ತೆ ಬಳಸುವವನ ಹೆಗಲಿಗೇ ದಾಟಿಸಿದ.

ಈ ಭಾರ ಎಂಥದೆಂದು ನೋಡಲು ಮೈಸೂರಿನದೇ ಯಾದವಗಿರಿಯವರೆಗೆ ಹೋದರೆ ಸಾಕು. ಅಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ ಮೋಟಾರು ಸೈಕಲ್ಲುಗಳು, 1973ರಿಂದ ಯೆಜ್ಡಿಗಳು ಹೊರಬಂದವು. 1996ರಲ್ಲಿ ಬಾಗಿಲು ಮುಚ್ಚಿತು. ಮೂಲ ಜಾವಾದ ವಿನ್ಯಾಸ ಚೆಕೊಸ್ಲೊವಾಕಿಯಾದ್ದು, ಕ್ಯಾಡ್ ಹುಟ್ಟುವುದಕ್ಕಿಂತ ಮೊದಲಿನದು. ಅದರ ಪೆಟ್ರೋಲ್ ಟ್ಯಾಂಕನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಮುಂದೆ ದಪ್ಪ, ಹಿಂದೆ ಸೀಟಿನ ಕಡೆಗೆ ತೊಟ್ಟಿನಂತೆ ಸಣ್ಣಗಾಗುವ ಮೈ. ಮಂಡಿ ತಾಗುವಲ್ಲಿ ರಬ್ಬರಿನ ಪಟ್ಟಿ, ಪಕ್ಕಕ್ಕೆ ಕ್ರೋಮಿನ ಹೊಳಪು. ಬದಿಯಿಂದ ಕಾಣುವ ಹೊರಗೆರೆ, ಮೇಲಿನಿಂದ ಕಾಣುವ ಹೊರಗೆರೆ ಎರಡನ್ನೂ ಒಂದು ಹಾಳೆಯ ಮೇಲೆ ಬರೆಯಬಹುದು. ಆದರೆ ಟ್ಯಾಂಕಿನ ಚೆಲುವು ಇರುವುದು ಆ ಎರಡು ಗೆರೆಗಳ ನಡುವಣ ಕೆನ್ನೆಯಲ್ಲಿ, ಅದು ಎಷ್ಟು ತುಂಬಿಕೊಂಡಿದೆ ಎಂಬುದರಲ್ಲಿ. ಕೆನ್ನೆ ಚೂರು ಹೆಚ್ಚಿದರೆ ಮಡಕೆ, ಚೂರು ತಗ್ಗಿದರೆ ಡಬ್ಬಿ. ಕ್ರೋಮು ಇದರಲ್ಲಿ ದಯೆ ದಾಕ್ಷಿಣ್ಯ ತೋರುವುದಿಲ್ಲ. ಬಾಗು ಎಲ್ಲಿ ತಟ್ಟನೆ ಬದಲಾಯಿತೋ ಅಲ್ಲಿ ಅದರೊಳಗಿನ ಬೀದಿದೀಪದ ಬಿಂಬ ಮುರಿದು ಬೀಳುತ್ತದೆ. ತಗಡಿನ ಸಮಸ್ಯೆ ಬೇರೆಯೇ ಇದೆ. ಎರಡು ದಿಕ್ಕಿಗೂ ಬಾಗಿದ ಮೈಯನ್ನು ಹಿಗ್ಗಿಸದೆ, ಹರಿಯದೆ ಚಪ್ಪಟೆ ಮಾಡಲಾಗದೆಂದು ಜರ್ಮನಿಯ ಗೌಸ್ 1827ರಲ್ಲೇ ಸಾಧಿಸಿದ್ದ. ಮೂಸಂಬಿ ಸಿಪ್ಪೆಯನ್ನು ಮೇಜಿಗೆ ಒತ್ತಿ ನೋಡಿದವರಿಗೆ ಇದು ಗೊತ್ತು. ಕಮಾನು ಗಾಡಿಗೆ ಚಾಪೆ ಹೊದಿಸುವುದು ಸುಲಭ, ಅಲ್ಲಿ ಬಾಗು ಒಂದೇ ದಿಕ್ಕಿಗೆ. ಟ್ಯಾಂಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಹಿಗ್ಗಿಸಲೇಬೇಕು, ಎಷ್ಟು ಹಿಗ್ಗುತ್ತದೆ, ಎಲ್ಲಿ ಸುಕ್ಕುಗಟ್ಟುತ್ತದೆ ಎಂಬುದು ನಡುವಿನ ಆಕಾರದ ಮೇಲೆ ನಿಂತಿದೆ. ಅಂಚನ್ನಷ್ಟೇ ಕೇಳಿದ ಸೂತ್ರಕ್ಕೆ ತಗಡಿನ ಈ ಕಷ್ಟ ತಿಳಿಯುವ ದಾರಿ ಯಾವುದು?

ಇಂದಿನ ತಂತ್ರಾಂಶಗಳು ಬಹಳ ಮುಂದೆ ಹೋಗಿವೆ, 1967ರ ಸೂತ್ರವನ್ನು ಹಿಡಿದು ಜಗ್ಗುವುದೇಕೆ ಎಂದು ಕೇಳಬಹುದು. ಹೋಗಿವೆ, ನಿಜ. ಪಕ್ಕದ ಮೈಯೊಂದಿಗೆ ಇಳಿಜಾರು ಕೂಡುವಂತೆ, ಬಾಗಿನ ಪ್ರಮಾಣವೂ ಕೂಡುವಂತೆ ತುಂಬು ಎಂದು ಹೇಳಬಹುದು. ಮೈಯ ಮೇಲೆ ಜೀಬ್ರಾದಂಥ ಕಪ್ಪುಬಿಳಿ ಪಟ್ಟೆಗಳನ್ನು ಬೀಳಿಸಿ ಎಲ್ಲಿ ಪಟ್ಟೆ ಮುರಿಯುತ್ತದೆಂದು ತೆರೆಯ ಮೇಲೇ ನೋಡಬಹುದು. ವರ್ಕ್‌ಶಾಪಿನ ಟಿಂಕರಿಂಗ್ ಕೆಲಸದವರು ಟ್ಯೂಬ್‌ಲೈಟಿನ ಬಿಂಬ ನೋಡಿ ಡೆಂಟು ಪತ್ತೆ ಮಾಡುವ ಜಾಣತನದ ಕಂಪ್ಯೂಟರ್ ರೂಪ ಇದು. ಆದರೆ ಪಟ್ಟೆ ಮುರಿಯದಿರುವುದು ನಯಕ್ಕೆ ಸಾಕ್ಷಿ, ಆಕಾರ ಸರಿಯಿದೆ ಎಂಬುದಕ್ಕೆ ಅಲ್ಲ. ಮಡಕೆಯೂ ನಯವಾಗಿಯೇ ಇರುತ್ತದೆ. ಇನ್ನು ಕೆಲವರು ಸ್ಕ್ಯಾನರ್ ಕಡೆ ಬೆರಳು ತೋರುತ್ತಾರೆ: ಇದ್ದ ವಸ್ತುವಿನ ಮೈಯಿಂದ ಲಕ್ಷಾಂತರ ಬಿಂದುಗಳು ಸಿಕ್ಕಮೇಲೆ ಊಹೆಗೆ ಜಾಗವೆಲ್ಲಿ? ವಸ್ತು ಇದ್ದರೆ ಸರಿ. ಇನ್ನೂ ಹುಟ್ಟದ ಟ್ಯಾಂಕನ್ನು ಯಾರು ಸ್ಕ್ಯಾನ್ ಮಾಡಬೇಕು? ಇರುವ ಹಳೆಯ ಟ್ಯಾಂಕಿನಲ್ಲೂ ಸ್ಕ್ಯಾನರಿಗೆ ಡೆಂಟೂ ಒಂದೇ, ವಿನ್ಯಾಸವೂ ಒಂದೇ; ಯಾವುದು ಉಳಿಯಬೇಕು ಯಾವುದು ಅಳಿಯಬೇಕು ಎಂದು ಅದು ಹೇಳದು.

ನಡುವಿನ ಆಕಾರವನ್ನು ಹಿಡಿಯಲು ದಾರಿ ಇಲ್ಲವೆಂದಲ್ಲ, ದಾರಿ ಹಳೆಯದು. ಹಡಗು ಕಟ್ಟುವವರು ತೆಳು ಮರದ ಪಟ್ಟಿಯನ್ನು ಸೀಸದ ತೂಕಗಳಿಂದ ಹಿಡಿದು ಬಾಗಿಸಿ, ಒಂದರ ಹಿಂದೊಂದು ಅಡ್ಡಕೊಯ್ತಗಳನ್ನು ಬರೆಯುತ್ತಿದ್ದರು. ಹೊರಗೆರೆಯೊಂದನ್ನೇ ನಂಬಿ ಯಾರೂ ಹಡಗು ಕಟ್ಟಲಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ವಿಲಿಯಂ ಗಾರ್ಡನ್ 1960ರ ದಶಕದ ಕೊನೆಯಲ್ಲಿ ಕೂನ್ಸ್ ಲೆಕ್ಕವನ್ನು ಈ ಕಡೆಗೇ ತಿರುಗಿಸಿದ: ನಾಲ್ಕು ಅಂಚುಗಳ ಜೊತೆಗೆ ನಡುವೆ ಹಾಯುವ ಗೆರೆಗಳ ಜಾಲವನ್ನೂ ಕೊಟ್ಟರೆ ಮೈ ಅವೆಲ್ಲವನ್ನೂ ಮುಟ್ಟಿಕೊಂಡು ಹೋಗುತ್ತದೆ. ನಮ್ಮ 20 ಅಡಿ ಕೋಣೆಯ ನಡುವೆ ಉದ್ದಕ್ಕೊಂದು ಅಡ್ಡಕ್ಕೊಂದು 14 ಅಡಿ ಎತ್ತರದ ಗೆರೆ ಹಾಯಿಸಿದರೆ 20 ಅಡಿಯ ಚಾವಣಿಯ ಮಾತೇ ಇಲ್ಲ. ಹಳೆಯ ಯೆಜ್ಡಿಯ ಜಜ್ಜಿಹೋದ ಟ್ಯಾಂಕನ್ನು ರಿಪೇರಿಗೆ ತಂದಾಗಲೂ ಇದೇ ಉಪಾಯ ನೆರವಾಗುತ್ತದೆ. ಬೆಸುಗೆಯ ಅಂಚು ಗಟ್ಟಿಯಾಗಿ ಉಳಿದಿರುತ್ತದೆ, ಕೆನ್ನೆ ಒಳಗೆ ಹೋಗಿರುತ್ತದೆ. ಪೆಟ್ಟು ತಿನ್ನದ ಇನ್ನೊಂದು ಯೆಜ್ಡಿಯ ಕೆನ್ನೆಗೆ ರಟ್ಟು ಹಿಡಿದು, ಬಾಗಿಗೆ ಸರಿಯಾಗಿ ಕತ್ತರಿಸಿಕೊಂಡು, ಆ ರಟ್ಟನ್ನು ಜಜ್ಜಿದ ಟ್ಯಾಂಕಿನ ಮೇಲಿಟ್ಟು ಬೆಳಕು ಎಲ್ಲಿ ನುಸುಳುತ್ತದೆ ನೋಡುತ್ತ ತಗಡನ್ನು ಎಬ್ಬಿಸುತ್ತಾ ಹೋಗಬೇಕು.