ಕೀಲುನೋವಿಗೆ ವಿದ್ಯುತ್ಕಾಂತ ಚಿಕಿತ್ಸೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಮಂಡಿನೋವು, ಸೊಂಟನೋವುಗಳ ಮಾತು ಬಾರದ ಮನೆ ಅಪರೂಪ. ಗದ್ದೆಯಲ್ಲಿ ಬಾಗಿ ನೇಜಿ ನೆಟ್ಟವರು, ಹಂಚಿನ ಕಾರ್ಖಾನೆಯಲ್ಲಿ ಭಾರ ಹೊತ್ತವರು, ಬಲೆ ಎಳೆದವರು, ದಿನವಿಡೀ ಕುಳಿತು ಬೀಡಿ ಕಟ್ಟಿದವರು ಕಾಯಕದ ಋಣವನ್ನು ಕೀಲುಗಳಲ್ಲಿ ತೀರಿಸುತ್ತಿರುತ್ತಾರೆ. ನಮ್ಮ ಹಿರಿಯರಿಗಂತೂ ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಕುಳಿತುಕೊಳ್ಳಲಾಗದೆಂಬ ಕೊರಗು ಬೇರೆ. (ಕುರ್ಚಿಯ ಮೇಲೆ ಕುಳಿತು ಪೂಜಿಸಿದರೆ ಲೋಪವೇನೂ ನಮಗೆ ಕಾಣದು; ಇಷ್ಟಲಿಂಗಕ್ಕೆ ಅಂಗೈಯೇ ಪೀಠವಲ್ಲವೆ?)

ಇಂಥವರಿಗೆ ಹೇಳಲಾಗುವ ಉಪಾಯಗಳಲ್ಲಿ ವಿದ್ಯುತ್ಕಾಂತ ಚಿಕಿತ್ಸೆಯೂ ಒಂದು. ಬದಲಾಗುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದನು. ಚಿಕಿತ್ಸೆಯ ತಳಹದಿಯೂ ಅದೇ. ತಂತಿಯ ಸುರುಳಿಯನ್ನು ಮಂಡಿಯ ಸುತ್ತ ಇರಿಸಿ, ಅದರಲ್ಲಿ ಮಿಡಿತ ಮಿಡಿತವಾಗಿ ವಿದ್ಯುತ್ ಹರಿಸಿದಾಗ ಒಳಗಿನ ಅಂಗಾಂಶದಲ್ಲಿ ಅತಿಸೂಕ್ಷ್ಮ ಪ್ರವಾಹ ಉಂಟಾಗುತ್ತದೆ. ಮುರಿದು ಕೂಡಿಕೊಳ್ಳದ ಮೂಳೆಗಳಿಗೆ ಅಮೆರಿಕದ ವೈದ್ಯ ಬ್ಯಾಸೆಟ್ ಇದನ್ನು ಬಳಸಿದರು. 1979ರಲ್ಲಿ ಅಲ್ಲಿನ ಸರ್ಕಾರ ಆ ಉಪಯೋಗಕ್ಕೆ ಒಪ್ಪಿಗೆಯಿತ್ತಿತು.

ಆದರೆ ಮೂಳೆಗೆ ಸಂದ ಮನ್ನಣೆಯನ್ನು ಸಕಲ ನೋವಿಗೂ ಹಂಚುವುದು ನ್ಯಾಯವಲ್ಲ. ಸವೆದ ಕೀಲುಗಳ ಬಗ್ಗೆ ಕಾಕ್ರೇನ್ ಸಂಸ್ಥೆ 2013ರಲ್ಲಿ 9 ಅಧ್ಯಯನಗಳ 636 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿತು. ಹುಸಿ ಚಿಕಿತ್ಸೆ ಪಡೆದವರಿಗಿಂತ ನಿಜವಾದ ಚಿಕಿತ್ಸೆ ಪಡೆದವರಲ್ಲಿ, ನೂರರ ಅಳತೆಯಲ್ಲಿ ಸುಮಾರು 15ರಷ್ಟು ನೋವು ಹೆಚ್ಚಾಗಿ ತಗ್ಗಿತ್ತು. ನಡೆಯುವ, ಏಳುವ ಶಕ್ತಿ ಹೆಚ್ಚಿತೆಂಬುದು ಮಾತ್ರ ಖಚಿತವಾಗಲಿಲ್ಲ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಇನ್ನು ಕಾಂತದ ಹಾಸಿಗೆ, ಬಳೆ, ಪಟ್ಟಿಗಳ ಸಂಗತಿ. ಅವುಗಳೊಳಗಿನ ಅಯಸ್ಕಾಂತ ಸ್ಥಿರವಾದುದು. ಸುಮ್ಮನೆ ಮಲಗಿದವರ ಮೈಯಲ್ಲಿ ಅದು ಸುರುಳಿಯಂತೆ ವಿದ್ಯುತ್ತನ್ನು ಹುಟ್ಟಿಸಲಾರದು. ಹೆಸರೊಂದೇ ಎಂಬ ಕಾರಣಕ್ಕೆ ಸಾವಿರಾರು ರೂಪಾಯಿ ಸುರಿದು, ಮನೆಯ ಮುದುಕರ ಉಳಿತಾಯ ಕರಗಿಸುವುದು ನಮಗೆ ಸರಿಕಾಣದು.

ಹೃದಯದಲ್ಲಿ ಪೇಸ್‌ಮೇಕರ್ ಇರುವವರು ಈ ಯಂತ್ರದ ಬಳಿ ಸುಳಿಯಬಾರದು. ಗರ್ಭಿಣಿಯರು, ಕ್ಯಾನ್ಸರ್ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಕೀಲು ಕೆಂಪಾಗಿ ಊದಿ ಜ್ವರ ಬಂದರೆ, ಸೊಂಟನೋವಿನೊಡನೆ ಕಾಲು ಜೋಮುಹಿಡಿದು ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬ್ರಹ್ಮಾವರ, ಕುಂದಾಪುರದವರಿಗೆ ಮಣಿಪಾಲ ದೂರವಲ್ಲ; ಬೈಂದೂರಿನವರಿಗೆ ಪ್ರಯಾಣ ತುಸು ಹೆಚ್ಚು. ಅಲ್ಲಿ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಒಮ್ಮೆ ಕಲಿತುಬಂದರೆ, ಬಳಿಕ ಮನೆಯಲ್ಲೇ ಯಾವ ಯಂತ್ರವೂ ಇಲ್ಲದೆ ಮುಂದುವರಿಸಬಹುದು.